ಸೂರ್ಯನ ಪರ ವಕಾಲತ್ತು

“ಇವತ್ತಿಂದ ಅರ್ಧ ಲೀಟರ್ ಸಾಕಪ್ಪ,” ಎಂದು ಅತ್ತೆ ಬಾಗಿಲಲ್ಲಿ ನಿಂತು ಹಾಲಿನವನಿಗೆ ಹೇಳುತ್ತಿದ್ದುದು ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದ ಸೊಸೆಗೆ ಕೇಳಿಸಿತು. ಅವಳು ಬಾಯಿಯ ನೊರೆಯನ್ನು ಉಗುಳಿ ಹೊರಗೆ ಬಂದು, “ಬೇಡ, ಒಂದು ಲೀಟರೇ ಇರ್ಲಿ,” ಎಂದಳು. ಯಾಕೆ ಹಾಗಂದಳೋ ಅವಳಿಗೇ ಗೊತ್ತಿರಲಿಲ್ಲ. ಮನೆಯಲ್ಲಿ ಇನ್ನು ಇರುವವರು ಇಬ್ಬರೇ. ಅದರಲ್ಲಿ ಅತ್ತೆಗೆ ಹಾಲು ಸೇರುವುದಿಲ್ಲ.

ಅತ್ತೆ ಹಾಲಿನವನ ಮುಖ ನೋಡಿದರು, ಹಾಲಿನವನು ಅತ್ತೆಯ ಮುಖ ನೋಡಿದ.

“ಹೂಂ, ಒಂದು ಲೀಟರೇ ಇರ್ಲಿ,” ಎಂದರು ಅತ್ತೆ, ಮೆತ್ತಗೆ.

“ಆಗ್ಲಿ ಅಕ್ಕ, ನೀವು ಹೇಗೆ ಹೇಳ್ತೀರೋ ಹಾಗೆ,” ಎಂದ ಹಾಲಿನವನು, ಅದಕ್ಕಿಂತಲೂ ಮೆತ್ತಗೆ.

ಅಂತ್ಯಕ್ರಿಯೆ ಮುಗಿದು, ನೆಂಟರು ಒಬ್ಬೊಬ್ಬರಾಗಿ ಬಸ್ಸು ಹತ್ತಿ, ಅಕ್ಕಪಕ್ಕದ ಮನೆಗಳಿಂದ ತಂದ ಕುರ್ಚಿಗಳೆಲ್ಲ ಹಿಂದಿರುಗಿ, ಮನೆ ಮತ್ತೆ ಮನೆಯಾದ ಮೊದಲ ಬೆಳಗು ಅದು. ನಲ್ಲಿಯಲ್ಲಿ ನೀರು ಎಂದಿನ ಹೊತ್ತಿಗೇ ಬಂತು. ಎದುರುಮನೆಯವರು ಎಂದಿನಂತೆ ಮಗಳನ್ನು ಗದರುತ್ತ ಶಾಲೆಗೆ ಹೊರಡಿಸಿದರು. ಜ್ವರವೆಂದು ತಾನೇ ಸ್ಕೂಟರ್ ಓಡಿಸಿಕೊಂಡು ಆಸ್ಪತ್ರೆಗೆ ಹೋದ ಗಂಡ ಅಲ್ಲಿಂದ ಹಿಂದಿರುಗಿರಲಿಲ್ಲ; ಸ್ಕೂಟರ್ ಹಿಂದಿರುಗಿ ಗೇಟಿನ ಬಳಿ ನಿಂತಿತ್ತು. ಅವಳು ಇನ್ನೂ ಅತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಇಂಜೆಕ್ಷನ್ ಕೊಟ್ಟಾಗ ದವಡೆ ಇದೆಯೆಂದು ಗೊತ್ತಿದ್ದರೂ ಇದೆಯೆಂದು ಅನಿಸುವುದಿಲ್ಲವಲ್ಲ, ಅವಳಿಗೆ ಮೈಯೆಲ್ಲ ಹಾಗಾಗಿತ್ತು.

ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ಹಾಲಿನ ಮಾತೇ ಕೊರೆಯಿತು. ಮದುವೆಯಾಗಿ ಬಂದ ದಿನದಿಂದ ಅತ್ತೆ ಅವಳ ಒಂದು ಮಾತನ್ನೂ ವಾದವಿಲ್ಲದೆ ಒಪ್ಪಿದವರಲ್ಲ. ಪರದೆ ನೀಲಿ ಇರಲಿ ಎಂದರೆ ಹಸಿರು ಅನ್ನುವರು. ಕಿಟಕಿ ತೆಗೆಯಲೇ ಎಂದರೆ ಸೊಳ್ಳೆ ಅನ್ನುವರು. ಹಾಗೆ ಕಿತ್ತಾಡಿಕೊಂಡೇ ಇಬ್ಬರೂ ಒಬ್ಬರಿಗೊಬ್ಬರು ಒಗ್ಗಿಹೋಗಿದ್ದರು. ಇವತ್ತು ಅತ್ತೆ ಸೋತರು. ಜಗಳಕ್ಕೆ ಮುಂಚೆಯೇ ಸೋತರು.

ಅವಳಿಗೆ ರಟ್ಟಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ರಟ್ಟು ಎಷ್ಟು ದಪ್ಪ, ಎಷ್ಟು ಬಿಳುಪು, ಒಳಗೆ ಎಷ್ಟು ತೇವ ಎಂದು ನೋಡುವ ಕೆಲಸಕ್ಕೆ ಸೇರಿದ್ದಳು. ಲ್ಯಾಬಿನ ಮುಖ್ಯಸ್ಥನಿಗೆ ಎಲ್ಲರೂ ಇಟ್ಟ ಹೆಸರು ಕೆಂಪು ಪೆನ್ನು. ಯಾರ ವರದಿಯೇ ಆಗಲಿ, ಅದರಲ್ಲೊಂದು ತಪ್ಪು ಹುಡುಕಿ ಸುತ್ತು ಹಾಕದಿದ್ದರೆ ಅವನಿಗೆ ಮಧ್ಯಾಹ್ನದ ಊಟ ಇಳಿಯುತ್ತಿರಲಿಲ್ಲ. ಆ ದಿನ ಅವಳು ತೇವದ ಅಂಕಿಯ ಜಾಗದಲ್ಲಿ ದಪ್ಪದ ಅಂಕಿ ಬರೆದುಬಿಟ್ಟಳು. ಕೆಂಪು ಪೆನ್ನು ನೋಡಿದ, ಪೆನ್ನನ್ನು ಜೇಬಿನಿಂದ ಅರ್ಧ ಎಳೆದ, ಮತ್ತೆ ಒಳಗೆ ತಳ್ಳಿದ. “ಚೆನ್ನಾಗಿದೆ,” ಎಂದ.

ಅವಳಿಗೆ ಒಂದು ಅನುಮಾನ ಬಂತು. “ಸಾರ್, ಇವತ್ತು ಗುರುವಾರ ಅಲ್ವಾ?” ಎಂದು ಕೇಳಿದಳು.

ಅವನು ಗೋಡೆಯ ಕ್ಯಾಲೆಂಡರ್ ನೋಡಿದ. ಸೋಮವಾರ ಕೆಂಪಗೆ ರಾಚುವಂತೆ ಕಾಣುತ್ತಿತ್ತು. ಆ ದಿನಕ್ಕೆ ಸುತ್ತು ಹಾಕಿದವನೂ ಅವನೇ.

“ಹೌದ್ಹೌದು,” ಎಂದ ಕೆಂಪು ಪೆನ್ನು. “ಗುರುವಾರಾನೇ.”

ಲೋಕವೆಲ್ಲ ಅವಳಿಗೆ ತಲೆದೂಗಲು ನಿಶ್ಚಯಿಸಿಬಿಟ್ಟಿತ್ತು. ಒಬ್ಬ ಮನುಷ್ಯ ಸತ್ತರೆ ಉಳಿದವರನ್ನು ಹೀಗೆ ಹತ್ತಿ ತುಂಬಿದ ಕೋಣೆಯಲ್ಲಿ ಕೂರಿಸುತ್ತಾರೆಂದು ಅವಳಿಗೆ ಯಾರೂ ಮೊದಲು ಹೇಳಿರಲಿಲ್ಲ. ಯಾವ ಕಡೆ ತಲೆ ಚಚ್ಚಿಕೊಂಡರೂ ನೋವಿಲ್ಲ.

ಸಂಜೆ ಮನೆಗೆ ಕನ್ನಡಕದ ಮಾವ ಬಂದರು. ನೆಂಟರೇನಲ್ಲ, ಪೇಟೆಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡ ಮುದುಕರು. ಗಂಡ ಅವರನ್ನು ಮಾವ ಎಂದು ಕರೆಯುತ್ತಿದ್ದ, ಹಾಗಾಗಿ ಅವಳಿಗೂ ಮಾವ. ಗಂಡನ ಕೆಲಸ ಮನೆಗಳ ತಾರಸಿಯ ಮೇಲೆ ಸೋಲಾರ್ ಹೀಟರ್ ಕೂರಿಸುವುದು. ಮಾವನ ತಾರಸಿಗೂ ಅವನೇ ಹೀಟರ್ ಹಾಕಿದ್ದ. ಆ ದಿನ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಏಣಿಯ ಕೆಳಗೆ ನಿಂತಿದ್ದ ಮಾವ, “ನಿನ್ನ ಯಜಮಾನನಿಗೆ ಸ್ವಲ್ಪ ಉರಿ ಕಡಿಮೆ ಮಾಡೋಕೆ ಹೇಳಯ್ಯ, ವರ್ಷದಿಂದ ವರ್ಷಕ್ಕೆ ಜಾಸ್ತಿ ಮಾಡ್ತಿದ್ದಾನೆ,” ಎಂದು ಮೇಲೆ ಬೆರಳು ತೋರಿಸಿದರಂತೆ. “ಉರಿ ಜಾಸ್ತಿ ಮಾಡಿದ್ದು ಅವನಲ್ಲ ಮಾವ, ನಾವು. ನಮ್ಮ ಹೊಗೆ,” ಎಂದನಂತೆ ಇವನು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ. ಅಲ್ಲಿಗೆ ಹತ್ತಿಕೊಂಡ ಜಗಳ. ಆಮೇಲೆ ಒಂದು ಭಾನುವಾರವೂ ತಪ್ಪಲಿಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿ ಮಾವ ಮನೆಗೆ ಬರುವರು, ಹೊರಗಿನ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂರುವರು. ಅವಳು ಅಡುಗೆಮನೆಯಲ್ಲಿ ಟೀ ಸೋಸುತ್ತ ಕೇಳಿಸಿಕೊಳ್ಳುವಳು.

“ನಿನಗೆ ಸಂಬಳ ಕೊಡೋನೇ ಸೂರ್ಯ. ಅವನ ಪರ ವಕಾಲತ್ತು ವಹಿಸದೆ ಇನ್ನೇನು ಮಾಡ್ತೀಯ!”

“ಕಪ್ಪು ಕನ್ನಡಕ ಮಾರೋರಿಗೆ ಸೂರ್ಯ ಕೆಟ್ಟೋನಾದಷ್ಟೂ ಲಾಭ. ಇಡೀ ಪೇಟೇಲಿ ಅವನ ಮೇಲೆ ಚಾಡಿ ಹೇಳೋರು ನೀವೊಬ್ರೇ ಮಾವ.”

ಅಂಥ ಮಾವ ಈಗ ಪಾಲಿಶ್ ಮಾಡಿದ ಬೂಟು ಹಾಕಿಕೊಂಡು, ಎಂದೂ ಕೂರದ ಕುರ್ಚಿಯ ತುದಿಯಲ್ಲಿ ಕೂತು, ಕೈಯ ಟೋಪಿಯನ್ನು ತಿರುಗಿಸುತ್ತ ಹೇಳಿದರು: “ನಾನು ಸೋತೆ ತಾಯಿ. ಸೂರ್ಯಂದು ಏನೂ ತಪ್ಪಿಲ್ಲ. ಅವನು ಹೇಳಿದ್ದೇ ಸರಿ. ಅದನ್ನ ಹೇಳಿ ಹೋಗೋಣ ಅಂತ ಬಂದೆ.”

ಅವಳು ಟೀ ಮುಂದಿಟ್ಟಳು. ಅವರು ಎರಡು ಗುಟುಕು ಕುಡಿದು ಎದ್ದರು. “ನೀವು ಏನು ಬೇಕಾದ್ರೂ ಕೇಳಿ ತಾಯಿ, ಸಂಕೋಚ ಮಾಡ್ಕೋಬೇಡಿ,” ಎಂದು ಬಾಗಿಲಲ್ಲಿ ಕೈಮುಗಿದರು. ಅವಳನ್ನು ಅವರು ಅದುವರೆಗೆ ಒಂದು ದಿನವೂ ‘ನೀವು’ ಅಂದಿರಲಿಲ್ಲ.

ಅವರು ಗೇಟು ದಾಟಿದ ಮೇಲೆ ಒಳಕೋಣೆಯಿಂದ ಅತ್ತೆ ಹೊರಬಂದರು. ಅರ್ಧ ಉಳಿದ ಲೋಟವನ್ನು ನೋಡಿದರು.

“ಸುಳ್ಳ,” ಎಂದರು.

“ಯಾರು?”

“ಇನ್ಯಾರು, ನಿನ್ನ ಕನ್ನಡಕದ ಮಾವ. ನಿಜವಾಗ್ಲೂ ಸೋತಿದ್ರೆ ಆ ಮನುಷ್ಯ ಇಷ್ಟು ನಯವಾಗಿ ಮಾತಾಡ್ತಿದ್ನಾ? ಮೇಜು ಗುದ್ದಿರೋನು. ಹೋದ ತಿಂಗಳು ಇದೇ ಕೋಣೇಲಿ ಆ ಸುಟ್ಟ ಪಟ್ಟಿ ಹಿಡ್ಕೊಂಡು ಹೇಗೆ ಕುಣಿದ ನೆನಪಿಲ್ವಾ? ಆವತ್ತು ಮಾತು ನಿಂತಿದ್ದು ನನ್ನ ಮಗಂದು.”

ನೆನಪಿತ್ತು. ಮಾವನ ಅಂಗಡಿಯ ಕಿಟಕಿಯಲ್ಲಿ ಅವರ ತಂದೆಯ ಕಾಲದ ಗಾಜಿನ ಗುಂಡೊಂದಿತ್ತು, ದೊಡ್ಡ ಕಿತ್ತಳೆಹಣ್ಣಿನಷ್ಟು. ಬಾಯಿಮಾತಿನಲ್ಲಿ ಜಗಳ ಹರಿಯದೆ ಹೋದಾಗ ಗಂಡ ಅದನ್ನು ಎರವಲು ತಂದ. ಹೀಟರಿನ ತಗಡು ಬಗ್ಗಿಸಿ ಅದಕ್ಕೊಂದು ಬಟ್ಟಲು ಮಾಡಿ ತಾರಸಿಯ ಮೇಲೆ ಕೂರಿಸಿದ. ಗುಂಡಿನ ಹಿಂದೆ ಒಂದು ರಟ್ಟಿನ ಪಟ್ಟಿ ಸಿಕ್ಕಿಸಿದರೆ ಸಾಕು, ಬಿಸಿಲು ಗುಂಡಿನೊಳಗೆ ಹಾದು ಒಂದು ಚುಕ್ಕೆಯಾಗಿ, ಸೂರ್ಯ ಸರಿದಂತೆ ತಾನೂ ಸರಿಯುತ್ತ ರಟ್ಟಿನ ಮೇಲೆ ಸುಟ್ಟ ಗೆರೆ ಎಳೆಯುತ್ತದೆ. ಮೋಡವಿಲ್ಲದ ದಿನಗಳಲ್ಲಿ ಒಂದೊಂದು ಪಟ್ಟಿ. ಸೂರ್ಯ ಜೋರಾಗುತ್ತಿದ್ದರೆ ಗೆರೆ ಅಗಲವಾಗುತ್ತ ಹೋಗಬೇಕು, ಇಲ್ಲದಿದ್ದರೆ ಇಲ್ಲ: ಇದು ಇಬ್ಬರೂ ಕೈಕುಲುಕಿ ಮಾಡಿಕೊಂಡ ಕರಾರು. ಮೊದಲ ವರ್ಷ ಗೆರೆಗಳೆಲ್ಲ ದಾರದಷ್ಟು ಸಣ್ಣಗೆ ಬಂದವು. ಎರಡನೆಯ ವರ್ಷ ಅಗಲವಾಗಿಬಿಟ್ಟವು, ಒಂದೆರಡು ಕಡೆ ತೂತೇ ಬಿದ್ದವು. ಮಾವ ಪಟ್ಟಿಯ ತೂತಿನಲ್ಲಿ ಕಣ್ಣಿಟ್ಟು, “ವಕೀಲರೇ, ನಿಮ್ಮ ಕಕ್ಷಿದಾರ ಇಲ್ಲಿಂದ ಚೆನ್ನಾಗಿ ಕಾಣ್ತಿದ್ದಾನೆ!” ಎಂದಿದ್ದರು. ಗಂಡ ಉತ್ತರ ಹುಡುಕುತ್ತಲೇ ಇದ್ದ. ಅಷ್ಟರಲ್ಲಿ ಜ್ವರ ಬಂತು.

“ಗೆದ್ದೋನು ಬಂದು ಸೋತೆ ಅಂತಾನೆ,” ಎಂದರು ಅತ್ತೆ. “ಅದು ಸೋಲಲ್ಲ ಕಣೆ, ಭಿಕ್ಷೆ. ನನ್ನ ಮಗ ಬದುಕಿದ್ರೆ ಅದನ್ನ ತಗೊಳ್ತಿದ್ನಾ?”

ಅವಳು ಉಳಿದ ಟೀ ಚೆಲ್ಲಿ ಲೋಟ ತೊಳೆಯತೊಡಗಿದಳು. ಎಷ್ಟೋ ದಿನಗಳ ಮೇಲೆ ಒಳಗೆಲ್ಲೋ ಒಂದು ಕಡೆ ಚುರುಕ್ಕೆಂದಿತು. ಗಂಡ ಯಾರ ಮುಲಾಜಿಗೂ ಬೀಳದ ಮನುಷ್ಯ. ರೇಗಿಸಿ, ರೇಗಿಸಿಕೊಂಡು, ನೆಟ್ಟಗೆ ಗೆಲ್ಲಬೇಕು ಇಲ್ಲವೇ ನೆಟ್ಟಗೆ ಸೋಲಬೇಕು ಎನ್ನುವವನು. ಅವನ ಜಗಳ ಇದೊಂದೇ ಇನ್ನೂ ಮುಗಿಯದೆ ಉಳಿದದ್ದು, ಉಸಿರಾಡುತ್ತಿದ್ದದ್ದು. ಅದನ್ನು ಹೀಗೆ ಟೋಪಿ ತಿರುಗಿಸುತ್ತ ಮುಗಿಸುವುದೆಂದರೆ! ಗುಂಡು ಅವರದ್ದು, ಹಿಂದಿರುಗಿಸಬೇಕು. ಅದರ ಜೊತೆಗೆ ಈ ಭಿಕ್ಷೆಯನ್ನೂ. ಗಂಡನಿಗೆ ಸಿಗದ ಉತ್ತರವನ್ನು ತಾನು ಹುಡುಕಬೇಕು. ಸಿಗದಿದ್ದರೆ ನೀವೇ ಗೆದ್ದಿರಿ ಎಂದು ಮಾವನ ಮುಖಕ್ಕೆ ಹೇಳಿ, ಅವರು ಕುಣಿಯುವುದನ್ನು ಕಣ್ಣಾರೆ ನೋಡಬೇಕು. ಎರಡರಲ್ಲಿ ಒಂದಾಗದೆ ಬಿಡಬಾರದು.

ಮರುದಿನ ಬೆಳಿಗ್ಗೆ ಅವಳು ತಾರಸಿಗೆ ಹೋದಳು. ಗುಂಡಿನ ಮೇಲೆ ಧೂಳು ಕೂತಿತ್ತು, ಒಂದು ಹಕ್ಕಿ ತನ್ನ ಕೆಲಸವನ್ನೂ ಮುಗಿಸಿಹೋಗಿತ್ತು. ಪಕ್ಕದ ಗೂಡಿನಲ್ಲಿ ಪಟ್ಟಿಗಳನ್ನು ಎರಡು ತಂತಿಗಳಿಗೆ ಪೋಣಿಸಿ ತೂಗುಹಾಕಿದ್ದ. ಒಂದು ಮೊದಲ ವರ್ಷದ್ದು, ಒಂದು ಎರಡನೆಯದ್ದು. ಗೆರೆಗಳನ್ನು ನೋಡಲೆಂದು ಒಂದನ್ನು ಕೈಗೆ ತೆಗೆದುಕೊಂಡಳು. ನೋಡುವ ಮುಂಚೆ ಅಭ್ಯಾಸಬಲದಿಂದ ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಉಜ್ಜಿದಳು. ಲ್ಯಾಬಿನಲ್ಲಿ ಇಡೀ ದಿನ ಮಾಡುವುದು ಅದನ್ನೇ. ಆಮೇಲೆ ಇನ್ನೊಂದು ತಂತಿಯದನ್ನು ಉಜ್ಜಿದಳು. ಮತ್ತೆ ಮೊದಲನೆಯದನ್ನು.

“ಅಯ್ಯೋ ಮಂಕುಗಳಾ,” ಎಂದಳು ಗಟ್ಟಿಯಾಗಿ.

ಮೊದಲ ವರ್ಷದ ಪಟ್ಟಿಗಳು ದಪ್ಪ, ಬಿಳಿ, ನುಣುಪು. ಅವಳೇ ಲ್ಯಾಬಿನಿಂದ ತಂದುಕೊಡುತ್ತಿದ್ದ ತ್ಯಾಜ್ಯ ಮಾದರಿಗಳು. ಮಾದರಿಗಳು ಇನ್ನು ಹೊರಗೆ ಹೋಗಕೂಡದು ಎಂದು ಕೆಂಪು ಪೆನ್ನು ನಿಯಮ ಮಾಡಿದ ಮೇಲೆ ಗಂಡ ಹೀಟರಿನ ಬಿಡಿಭಾಗಗಳು ಬರುವ ಪೆಟ್ಟಿಗೆಗಳನ್ನು ಕತ್ತರಿಸಿಕೊಂಡಿದ್ದ. ಆ ರಟ್ಟು ತೆಳು, ಕಂದು, ಒರಟು. ಬಿಳಿ ರಟ್ಟು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕಂದು ನುಂಗುತ್ತದೆ. ಇಬ್ಬರೂ ಎರಡು ವರ್ಷ ಭೂತಗನ್ನಡಿ ಹಿಡಿದು ಸುಟ್ಟ ಗೆರೆಯನ್ನು ಅಳೆದರು, ಕಿತ್ತಾಡಿದರು, ಒಬ್ಬರು ಕುಣಿದರು, ಒಬ್ಬ ಮೌನವಾದ. ಸುಟ್ಟುಕೊಂಡ ರಟ್ಟನ್ನು ಮಾತ್ರ ಇಬ್ಬರೂ ಮುಟ್ಟಿ ನೋಡಲಿಲ್ಲ.

ಊಹೆ ಸಾಲದು ಎಂದು ಅವಳ ಓದು ಹೇಳಿತು. ಗುಂಡನ್ನು ಟವೆಲಿನಲ್ಲಿ ಸುತ್ತಿ, ಬಟ್ಟಲು ಮತ್ತು ಎರಡೂ ಬಗೆಯ ಪಟ್ಟಿಗಳ ಜೊತೆ ಊಟದ ಚೀಲಕ್ಕೆ ಹಾಕಿಕೊಂಡಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಲ್ಯಾಬಿನ ಹಿಂದಿನ ಅಂಗಳದಲ್ಲಿ ಒಂದು ಬಕೆಟ್ ಬೋರಲು ಹಾಕಿ, ಅದರ ಮೇಲೆ ಬಟ್ಟಲು, ಬಟ್ಟಲಲ್ಲಿ ಗುಂಡು, ಹಿಂದೆ ಬಿಳಿ ಪಟ್ಟಿಯ ಅಂಚಿಗೆ ಕಂದು ಪಟ್ಟಿಯನ್ನು ತಾಗಿಸಿ ಸಿಕ್ಕಿಸಿದಳು. ಅದೇ ಬಿಸಿಲು, ಅದೇ ಗಳಿಗೆ. ಚುಕ್ಕೆ ಬಿಳಿಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿ ತೆಳ್ಳನೆಯ ಒಂದು ಗೀರು ಎಳೆಯಿತು. ಕಂದಿನ ಮೇಲೆ ಸರಿದದ್ದೇ ತಡ, ಹೊಗೆ ಎದ್ದಿತು, ಅಂಚು ಕೆಂಪಾಯಿತು, ತೂತು ಬಿತ್ತು. ಅವಳಿಗೆ ನಗು ಬಂತು. ಬಂದದ್ದು ತನ್ನದೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಿಲ್ಲಿಸಲಾಗಲಿಲ್ಲ.

“ಏನ್ರೀ ಇದು! ತಲೆಗಿಲೆ ಕೆಟ್ಟಿದೆಯೇನ್ರೀ ನಿಮ್ಗೆ?”

ಕೆಂಪು ಪೆನ್ನು ಕೈಯಲ್ಲಿ ತುತ್ತು ಹಿಡಿದುಕೊಂಡೇ ಓಡಿ ಬಂದಿದ್ದ. “ರಟ್ಟಿನ ಕಾರ್ಖಾನೇಲಿ ಬೆಂಕಿ! ಗೇಟಲ್ಲಿ ಬೆಂಕಿಪೊಟ್ಟಣಾನೂ ಕಿತ್ಕೋತೀವಿ ನಾವು, ನೀವು ಒಳಗೆ ಸೂರ್ಯನನ್ನೇ ಹೊತ್ಕೊಂಡು ಬಂದಿದ್ದೀರಲ್ರೀ! ಬುದ್ಧಿ ಇರೋರು ಮಾಡೋ ಕೆಲ್ಸಾನಾ?”

ಇಷ್ಟು ಹಿತವಾದ ಬೈಗುಳವನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಮಾತು ಮುಗಿದ ಮೇಲೆ ಕೆಂಪು ಪೆನ್ನಿಗೆ ತಾನು ಯಾರಿಗೆ ಬೈದೆ ಎಂಬುದು ನೆನಪಾಯಿತು. ಮುಖ ಬಿಳುಚಿಕೊಂಡಿತು. “ಅಲ್ಲ... ಪರವಾಗಿಲ್ಲ... ನೀವು ಬೇಕಾದ್ರೆ...”

“ಸಾರ್, ಪರವಾಗಿಲ್ಲ ಅನ್ಬೇಡಿ, ದಯವಿಟ್ಟು,” ಎಂದಳು ಅವಳು, ಕನ್ನಡಕ ಮೇಲೆ ಸರಿಸಿ ಕಣ್ಣಿನ ನೀರು ಒರೆಸಿಕೊಳ್ಳುತ್ತ. ನಗುವಿನ ನೀರೇ ಇರಬೇಕು. ಅವನನ್ನು ಬಕೆಟ್ಟಿನ ಎದುರು ಕುಕ್ಕರಗಾಲಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದಳು. ಕೆಂಪು ಪೆನ್ನು ತುತ್ತನ್ನು ಬಾಯಿಗಿಟ್ಟುಕೊಂಡು, ಕೈಯನ್ನು ಪ್ಯಾಂಟಿಗೆ ಒರೆಸಿ, ಎರಡೂ ಪಟ್ಟಿಗಳನ್ನು ಎತ್ತಿ ಬೆಳಕಿಗೆ ಹಿಡಿದ.

“ಇಲ್ಲ,” ಎಂದ. “ಇದು ಒಪ್ಪೋ ಮಾತಲ್ಲ. ತೇವ ನೋಡಿದ್ರಾ? ತಾರಸೀಲಿ ಇಟ್ಟಿದ್ದು ಅಂತೀರಿ. ಎರಡನ್ನೂ ಒಂದೇ ಸಮ ಒಣಗಿಸದೆ ಹೋಲಿಸೋದು ಯಾವ ಸೀಮೆ ಪರೀಕ್ಷೇರೀ?”

ಅವನು ಇಲ್ಲ ಅಂದ. ಅವಳಿಗೆ ಅವನ ಕೈ ಕುಲುಕಬೇಕೆನಿಸಿತು. ಆ ಮಧ್ಯಾಹ್ನ ಇಬ್ಬರೂ ಸೇರಿ ಪಟ್ಟಿಗಳನ್ನು ಒಂದೇ ಸಮ ಒಣಗಿಸಿ, ಮತ್ತೆ ಅಂಗಳಕ್ಕೆ ಹೋಗಿ, ಈ ಸಲ ನೀರಿನ ಕೊಡ ಪಕ್ಕದಲ್ಲಿಟ್ಟುಕೊಂಡು ಸುಟ್ಟು ನೋಡಿದರು. ಫಲ ಅದೇ. ಹೋಗುವಾಗ ಕೆಂಪು ಪೆನ್ನು ನಿನ್ನೆಯ ಅವಳ ವರದಿಯನ್ನು ಹುಡುಕಿ ತೆಗೆದು, ತಪ್ಪು ಬಿದ್ದ ಅಂಕಿಗೆ ದೊಡ್ಡದೊಂದು ಸುತ್ತು ಹಾಕಿ ಮೇಜಿನ ಮೇಲಿಟ್ಟು ಹೋದ.

ಭಾನುವಾರ ಅವಳು ಚೀಲ ಹಿಡಿದು ಹೊರಟಾಗ ಅತ್ತೆ ತಡೆದರು. “ಈ ಬಿಸಿಲಲ್ಲಿ ಈಗ್ಲೇ ಹೋಗ್ಬೇಕಾ? ಸಂಜೆ ಹೋಗು.”

“ಈಗ್ಲೇ ಹೋಗ್ತೀನಿ.”

“ಹೇಳಿದ ಮಾತು ಕೇಳೋಳಲ್ಲ ನೀನು,” ಎಂದು ಗೊಣಗಿದರು ಅತ್ತೆ. “ನಾಳೆಯಿಂದ ಹಾಲು ಅರ್ಧ ಲೀಟರೇ. ನೆಂಟರಂತೆ ದಿನಾ ಮಿಕ್ಕಿ ಕೂತಿರುತ್ತೆ.” ಅವಳಿಗೆ ಮೆಟ್ಟಿಲಿಳಿಯುವಾಗ ಹೆಜ್ಜೆ ಹಗುರವಾದವು.

ಕನ್ನಡಕದ ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿ, ರೈಲಿನ ಡಬ್ಬಿಯ ಹಾಗಿತ್ತು. ಎರಡೂ ಗೋಡೆಗಳಿಂದ ನೂರಾರು ಕನ್ನಡಕಗಳು ಬಂದವರನ್ನು ದಿಟ್ಟಿಸುತ್ತಿದ್ದವು. ಮಾವ ಒಬ್ಬ ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ದುಂಡು ಚೌಕಟ್ಟು ಕೂರಿಸಿ ಗಾಜು ಬದಲಿಸುತ್ತಿದ್ದರು. ಅವಳನ್ನು ಕಂಡು ಅವರ ದನಿ ತಕ್ಷಣ ಇಳಿಯಿತು.

“ಬನ್ನಿ ತಾಯಿ, ಕೂತ್ಕೊಳ್ಳಿ. ಹೇಳಿಕಳಿಸಿದ್ರೆ ನಾನೇ ಬರ್ತಿರ್ಲಿಲ್ವಾ?”

“ನಿಮ್ಮ ಗುಂಡು ಕೊಡೋಣ ಅಂತ ಬಂದೆ ಮಾವ.” ಅವಳು ಟವೆಲ್ ಬಿಚ್ಚಿ ಗುಂಡನ್ನು ಗಾಜಿನ ಮೇಜಿನ ಮೇಲಿಟ್ಟಳು.

“ಛೆ ಛೆ, ಅದು ನಿಮ್ಮಲ್ಲೇ ಇರ್ಲಿ. ಅವನ ನೆನಪಿಗೆ.”

“ಎರವಲು ತಂದಿದ್ದು ಎರವಲೇ. ಅವರ ನೆನಪಿಗೆ ನಿಮ್ಮ ವಸ್ತು ಯಾಕೆ? ಇನ್ನೊಂದು ವಿಷಯ. ಆವತ್ತು ನೀವು ಸೋತೆ ಅಂದ್ರಿ. ಯಾಕೆ ಸೋತ್ರಿ?”

“ಯಾಕೆ ಅಂದ್ರೆ... ಅವನು ಹೇಳಿದ್ದೇ ಸರಿ ತಾಯಿ.”

“ಹೇಗೆ ಸರಿ? ಪಟ್ಟಿ ನಿಮ್ಮ ಕಡೆ ಇತ್ತಲ್ಲ.”

ಮಾವ ಗಿರಾಕಿಯ ಕಡೆ ತಿರುಗಿದರು. “ಇರ್ಲಿ ಬಿಡಿ. ಮುಗಿದ ಮಾತು.”

ಅವಳು ಚೀಲದಿಂದ ಎರಡು ಪಟ್ಟಿ ತೆಗೆದಳು. “ಮುಗಿದಿಲ್ಲ. ನಿಮ್ಮಷ್ಟು ಕಣ್ಣು ಬಲ್ಲವರು ಊರಲ್ಲಿ ಇಲ್ಲ ಅಂತಾರೆ. ಎರಡು ವರ್ಷ ಈ ಪಟ್ಟಿಗಳನ್ನೇ ನೋಡಿ, ಒಂದು ಬಿಳಿ ಒಂದು ಕಂದು ಅಂತ ನಿಮಗೆ ಕಾಣ್ಲಿಲ್ವಾ ಮಾವ?”

ಮಾವ ಪಟ್ಟಿಗಳನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದರು. ಉಜ್ಜಿದರು, ಮಡಿಸಿದರು, ಮೂಸಿದರು. ಅವಳು ರಟ್ಟಿನ ಕಥೆಯನ್ನೂ ಅಂಗಳದ ಬೆಂಕಿಯ ಕಥೆಯನ್ನೂ ಹೇಳಿದಳು. ಮಾವನ ಕಿವಿ ಮೊದಲು ಕೆಂಪಾದವು, ಆಮೇಲೆ ಕುತ್ತಿಗೆ.

“ನೀವೇ ಹೇಳಿ ಸಾರ್,” ಎಂದು ಅವರು ಪಟ್ಟಿಗಳನ್ನು ಗಿರಾಕಿಯ ಮುಖಕ್ಕೆ ಹಿಡಿದರು, “ಇವೆರಡರಲ್ಲಿ ಏನಾದ್ರೂ ವ್ಯತ್ಯಾಸ ಕಾಣುತ್ತಾ?”

“ನಂಗೆ ನಿಮ್ಮ ಕೈಯೇ ಕಾಣ್ತಿಲ್ಲ ಸ್ವಾಮಿ,” ಎಂದ ಗಿರಾಕಿ. “ಅದಕ್ಕೇ ಬಂದಿರೋದು.”

“ನಿಮಗೆ ಆಮೇಲೆ,” ಎಂದು ಮಾವ ಅವನನ್ನು ಸ್ಟೂಲಿಗೆ ಒತ್ತಿ ಕೂರಿಸಿ, ಇವಳತ್ತ ತಿರುಗಿದರು. “ಸರಿ, ನನ್ನ ಸಾಕ್ಷಿ ಬಿತ್ತು. ಒಪ್ಪಿದೆ. ಆದ್ರೆ ಮೊದಲ ವರ್ಷದ ಗೆರೆ ಹಿಡ್ಕೊಂಡು ನಿನ್ನ ಗಂಡ ಮೆರೆದ್ನಲ್ಲ, ಅದೂ ಬಿತ್ತು! ಬಿಳಿ ರಟ್ಟಿನ ಮೇಲೆ ಸಣ್ಣ ಗೆರೆ ಬರದೆ ಇನ್ನೇನು? ಅವನದ್ದೂ ಸೊನ್ನೆ, ನಂದೂ ಸೊನ್ನೆ!”

ನಿನ್ನ ಗಂಡ. ಅವಳು ಸ್ಟೂಲೊಂದನ್ನು ಎಳೆದುಕೊಂಡು ಕೂತಳು.

“ಬಿತ್ತು,” ಎಂದಳು. “ಗುಂಡಿಂದ ಏನೂ ತೀರ್ಮಾನ ಆಗಲ್ಲ. ಆದ್ರೆ ನಲವತ್ತಕ್ಕೂ ಹೆಚ್ಚು ವರ್ಷದಿಂದ ಉಪಗ್ರಹ ಕಳಿಸಿ ಮೇಲಿಂದಲೇ ಸೂರ್ಯನನ್ನ ಅಳೀತಿದ್ದಾರಲ್ಲ. ಹನ್ನೊಂದು ವರ್ಷಕ್ಕೊಂದು ಸಲ ಅವನು ಸ್ವಲ್ಪ ಏರ್ತಾನೆ, ಸ್ವಲ್ಪ ಇಳೀತಾನೆ, ಅಷ್ಟೇ. ಒಟ್ಟಲ್ಲಿ ಏರಿಲ್ಲ. ಸೆಕೆ ಮಾತ್ರ ಏರ್ತಾನೇ ಇದೆ.”

“ಓಹೋ! ನೀನು ಅಡುಗೆಮನೇಲಿ ಟೀ ಸೋಸ್ತಿದ್ದೆ ಅಂದ್ಕೊಂಡಿದ್ದೆ.”

“ಟೀ ಕೈ ಸೋಸ್ತಿತ್ತು. ಕಿವಿಗೆ ಬೇರೆ ಕೆಲಸ ಇರ್ಲಿಲ್ಲ.”

“ಹಾಗಿದ್ರೆ ಇದನ್ನೂ ಕೇಳ್ಕೋ. ಮುನ್ನೂರು ವರ್ಷದ ಹಿಂದೆ ಸೂರ್ಯನ ಮೇಲೆ ಮಚ್ಚೆಗಳೇ ಕಾಣದಂತಾದಾಗ ದೊಡ್ಡ ದೊಡ್ಡ ನದಿಗಳು ಹೆಪ್ಪುಗಟ್ಟಿದ್ವು. ಅದು ಯಾರ ಕೈವಾಡ? ಆವಾಗ ಯಾವ ಕಾರು, ಯಾವ ಕಾರ್ಖಾನೆ?”

“ಆವಾಗ ಅವನ ಪಾಲೂ ಇದ್ದಿರಬಹುದು ಮಾವ. ಯಾವಾಗ್ಲೋ ಒಂದು ಸಲ ಕದ್ದ ಅಂತ ಇವತ್ತಿನ ಕಳ್ಳತನಾನೂ ಅವನ ತಲೆಗೇ ಕಟ್ತೀರಾ? ಇವತ್ತು ಕಳ್ಳತನ ಆದ ಹೊತ್ತಲ್ಲಿ ಅವನು ಎಲ್ಲಿದ್ದ ಅಂತ ಲೆಕ್ಕ ಇದೆಯಲ್ಲ.”

ಗಿರಾಕಿ ಕಿಸಕ್ಕೆಂದ. ಮಾವ ಮೇಜು ಗುದ್ದಿದರು. ಗುಂಡು ಹಾರಿಬಿದ್ದು ಉರುಳತೊಡಗಿತು; ಇಬ್ಬರೂ ಒಟ್ಟಿಗೆ ಕೈಹಾಕಿ ಹಿಡಿದರು.

“ಸಮುದ್ರ!” ಎಂದರು ಮಾವ, ಗುಂಡನ್ನು ಬಿಡದೆ. “ಸಮುದ್ರ ನಿಧಾನವಾಗಿ ಕಾಯುತ್ತೆ. ಸೂರ್ಯ ಹಿಂದೆ ಕಾಯಿಸಿದ್ದು ಈಗ ಹೊರಗೆ ಬರ್ತಿದೆ. ಒಲೆ ಆರಿಸಿದ ಮೇಲೂ ನೀರು ಬಿಸಿ ಇರಲ್ವಾ?”

“ಇರುತ್ತೆ. ಆದ್ರೆ ಆರಿಸಿದ ಒಲೆ ಮೇಲಿನ ನೀರು ಇನ್ನೂ ಇನ್ನೂ ಜೋರಾಗಿ ಕಾಯ್ತಾ ಹೋಗುತ್ತಾ? ಸೂರ್ಯನೇ ಉರಿ ಜಾಸ್ತಿ ಮಾಡಿದ್ರೆ ಎತ್ತರದ ಗಾಳಿಯೂ ಬಿಸಿ ಆಗ್ಬೇಕಿತ್ತು. ಅಲ್ಲಿ ತಣ್ಣಗಾಗ್ತಿದೆ. ಕೆಳಗೆ ಮಾತ್ರ ಬಿಸಿ. ಹೊಗೆಯ ಕಂಬಳಿ ಹೊದ್ದ ಹಾಗೆ, ಒಳಗೆ ಬಿಸಿ, ಹೊರಗೆ ತಣ್ಣಗೆ.” ಇದುವರೆಗಿನ ಮಾತುಗಳು ಗಂಡನವು, ಅವನ ಹಾಗೆಯೇ ಎಡಗೈ ಎತ್ತಿ ಹೇಳುತ್ತಿದ್ದಳು. ಮುಂದಿನದು ಅವಳದೇ ಬಾಯಿಂದ ಬಂತು: “ಬಿಸಿಲು ಅದೇ ಮಾವ. ಬಿಸಿಲು ಬಿದ್ದ ರಟ್ಟು ಬದಲಾಗಿದೆ.”

ಮಾವನ ಮುಖದಲ್ಲಿ ಮೆಚ್ಚುಗೆಯಂಥದ್ದೇನೋ ಹಣಕಿತು, ಅದನ್ನು ಅಲ್ಲೇ ಅದುಮಿದರು.

“ಆ ಉಪಮೆ ನಾನು ಒಪ್ಪಲ್ಲ,” ಎಂದರು. “ಏನಂದ್ಕೊಂಡಿದ್ದೀಯ ನೀನು? ರಟ್ಟು ತೋರಿಸಿ ಮುದುಕನ ಬಾಯಿ ಮುಚ್ಚಿಸಬಹುದು ಅಂತಾನಾ? ಅವತ್ತು ನಿಮ್ಮನೇಲಿ ಸೋತೆ ಅಂದೆನಲ್ಲ, ಅದನ್ನ ವಾಪಸ್ ಕೊಡು. ನಾನು ಸೋತಿಲ್ಲ!”

“ತಗೊಳ್ಳಿ,” ಎಂದಳು ಅವಳು. ಗುಂಡಿನ ಮೇಲಿದ್ದ ತನ್ನ ಕೈ ತೆಗೆದಳು. “ಅದನ್ನೂ ತಂದಿದ್ದೆ. ನಮಗೆ ಬೇಡ.”

ಮಾವ ಗುಂಡನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡರು. ಹೋಗಿ ಅದನ್ನು ಕಿಟಕಿಯಲ್ಲಿ, ಬಿಸಿಲು ತಾಗದ ಮೂಲೆಯಲ್ಲಿಟ್ಟು, ಸ್ವಲ್ಪ ಹೊತ್ತು ಬೆನ್ನು ತಿರುಗಿಸಿಕೊಂಡೇ ನಿಂತಿದ್ದರು. ತಿರುಗಿ ಬಂದಾಗ ಅವರ ಕಣ್ಣು ಅವಳ ಮುಖದ ಮೇಲೆ ನಿಂತಿತು, ಹುಬ್ಬು ಗಂಟಿಕ್ಕಿತು.

“ಈ ಕನ್ನಡಕ ಒರೆಸಿ ಎಷ್ಟು ದಿನ ಆಯ್ತೇ? ಗಾಜಾ ಇದು, ಗೋಡೆಯಾ? ಇದರಲ್ಲಿ ನಿನಗೆ ಸೂರ್ಯ ಹೇಗೆ ಕಾಣ್ಬೇಕು, ನನ್ನ ಮಾತು ಹೇಗೆ ತಿಳೀಬೇಕು? ಕೊಡಿಲ್ಲಿ.”

ಕೊಡುವ ಮುಂಚೆಯೇ ಅವರು ಅದನ್ನು ಅವಳ ಮೂಗಿನಿಂದ ಎತ್ತಿಕೊಂಡಾಗಿತ್ತು. ಜೇಬಿನಿಂದ ಮೆತ್ತನೆಯ ಬಟ್ಟೆ ತೆಗೆದರು. “ಸಮುದ್ರ ಬಿಡು. ಮೋಡದ ವಿಷಯ ನಿನ್ನ ಗಂಡನಿಗೂ ಹೇಳಿರ್ಲಿಲ್ಲ, ಈ ವಾರಕ್ಕೆ ಅಂತ ಇಟ್ಕೊಂಡಿದ್ದೆ. ಕೇಳು. ಬಾಹ್ಯಾಕಾಶದಿಂದ ಕಿರಣಗಳು ಬರ್ತವೆ, ಅವು ಮೋಡ ಕಟ್ಟೋಕೆ ಸಹಾಯ ಮಾಡ್ತವೆ ಅಂತ ಕೆಲವರು ಹೇಳ್ತಾರೆ. ಸೂರ್ಯ ಜೋರಾದ್ರೆ ಆ ಕಿರಣಗಳನ್ನ ದೂರ ತಳ್ತಾನೆ. ಆಗ ಮೋಡ ಕಮ್ಮಿ...”

“ಅದನ್ನೂ ಅಳೆದು ನೋಡಿದ್ದಾರೆ ಮಾವ, ತಾಳೆ ಆಗಲ್ಲ.”

“ಮಧ್ಯೆ ಬಾಯಿ ಹಾಕ್ಬೇಡ, ಪೂರ್ತಿ ಕೇಳು!”

ಸ್ಟೂಲಿನ ಮೇಲಿನ ಗಿರಾಕಿ ದುಂಡು ಚೌಕಟ್ಟಿನಲ್ಲಿ ಒಮ್ಮೆ ಅವರತ್ತ, ಒಮ್ಮೆ ಇವಳತ್ತ ತಿರುಗುತ್ತಿದ್ದ. ಅವಳು ಪೂರ್ತಿ ಕೇಳಲು ಕೂತಳು. ಕನ್ನಡಕವಿಲ್ಲದ ಕಣ್ಣಿಗೆ ಗೋಡೆಯ ನೂರಾರು ಗಾಜುಗಳು ಕರಗಿ ಬೆಳಕಿನ ಹನಿಗಳಾಗಿದ್ದವು, ಬಾಗಿಲಾಚೆ ಬೀದಿ ಬರೀ ಹೊಳಪಾಗಿತ್ತು. ಆ ಹೊಳಪಿಗೆ ಬೆನ್ನುಮಾಡಿ ನಿಂತ ಮಸುಕು ಆಕೃತಿಯೊಂದು ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು, ಒರೆಸಿ, ಮೇಲೆತ್ತಿ ನೋಡಿ, ತೃಪ್ತಿಯಾಗದೆ ಮತ್ತೆ ಉಸಿರು ಬಿಟ್ಟು, ಮೋಡಗಳ ಬಗ್ಗೆ ಏರುದನಿಯಲ್ಲಿ ಹೇಳುತ್ತಲೇ ಇತ್ತು.